ನೆಲ ಬಿಟ್ಟ ಹೆಸರು: ಹೇಮಾವತಿ ಮುಳುಗಡೆ ಊರುಗಳ ಚರಿತ್ರೆಯನ್ನು ದಾಖಲಿಸುವ ಬಗೆ

ಚನ್ನರಾಯಪಟ್ಟಣಕ್ಕೆ ಮೊದಲಿದ್ದ ಹೆಸರು ಕೊಳತೂರು. 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ವಶಪಡಿಸಿಕೊಂಡು ತನ್ನ ಮಗನಿಗೆ ಕೊಟ್ಟ. ಆ ಮಗ ಚನ್ನರಾಯಸ್ವಾಮಿಯ ವರದಿಂದ ಹುಟ್ಟಿದವನೆಂದು ಅವನಿಗೆ ದೇವರ ಹೆಸರನ್ನೇ ಇಟ್ಟಿದ್ದರು. ಸ್ವಾಮಿಗೆ ಗುಡಿ ಎದ್ದಿತು, ಊರಿಗೂ ಅದೇ ಹೆಸರು ನಿಂತಿತು. ಇಂಥ ಬದಲಾವಣೆಯನ್ನು ದಾಖಲಿಸುವುದು ಕಷ್ಟವಲ್ಲ. ನೆಲ ಅಲ್ಲೇ ಇದೆ, ಹೆಸರಷ್ಟೇ ಬೇರೆ. ಕ್ರಿಕೆಟ್ಟಿನಲ್ಲೂ ಹೀಗೆಯೇ: 1973ರಲ್ಲಿ ರಾಜ್ಯಕ್ಕೆ ಹೊಸ ಹೆಸರು ಬಂದಾಗ ಮೈಸೂರು ರಣಜಿ ತಂಡ ಕರ್ನಾಟಕ ತಂಡವಾಯಿತು. ಬೌಲರುಗಳಾದ ಪ್ರಸನ್ನ, ಚಂದ್ರಶೇಖರ್ ಎರಡೂ ಹೆಸರಿನಲ್ಲಿ ಆಡಿದರು, ಅಂಕಿಅಂಶದ ಸರಣಿ ಎಲ್ಲೂ ತುಂಡಾಗಲಿಲ್ಲ.

ಜನವೇ ನೆಲ ಬಿಟ್ಟು ಎದ್ದುಹೋದಾಗ ಮಾತ್ರ ನಮ್ಮ ಗ್ರಾಮಚರಿತ್ರೆಗಳು ತಡವರಿಸುತ್ತವೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಸುಮಾರು 37 ಟಿಎಂಸಿ ನೀರು ನಿಲ್ಲುವ ಆ ಜಲಾಶಯದ ಅಡಿಗೆ ಹೊಳೆದಂಡೆಯ ಹಳ್ಳಿಗಳು ಹೋದವು. ಸಂತ್ರಸ್ತರಿಗೆ ಅರಕಲಗೂಡು, ಹೊಳೆನರಸೀಪುರ ಸೇರಿ ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಭೂಮಿ ಗುರುತಾಯಿತು. ಇಂದಿಗೂ ಜನ ಅದನ್ನು ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಜಮೀನು ಎಂದೇ ಕರೆಯುತ್ತಾರೆ. ಹೀಗೆ ಚದುರಿದ ಊರಿನ ಹಿಂದಿನ ಚರಿತ್ರೆಯನ್ನು ಯಾವ ಹೆಸರಿನ ಕೆಳಗೆ ಬರೆಯಬೇಕು?

ಈ ಪ್ರಶ್ನೆಯನ್ನು ತೀರಾ ಗಂಭೀರವಾಗಿ ಎದುರಿಸಿದವರು ಅಮೆರಿಕದ ಬೇಸ್‌ಬಾಲ್ ದಾಖಲೆಕಾರರು. ವಾಷಿಂಗ್ಟನ್ನಿನ ಸೆನೆಟರ್ಸ್ ತಂಡ 1961ರಲ್ಲಿ ಮಿನ್ನೆಸೋಟಕ್ಕೆ ಹೋಗಿ ಟ್ವಿನ್ಸ್ ಆಯಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸೆನೆಟರ್ಸ್ ಎಂಬ ಹೆಸರಿನದೇ ಹೊಸ ತಂಡ ಹುಟ್ಟಿತು. ಅದೂ 1972ರಲ್ಲಿ ಟೆಕ್ಸಸ್ ಸೇರಿ ರೇಂಜರ್ಸ್ ಆಯಿತು. ಹೆಸರೊಂದು, ವಂಶ ಎರಡು. ಹಳೆಯ ಸೆನೆಟರ್ಸ್ 1924ರಲ್ಲಿ ಗೆದ್ದ ವಿಶ್ವ ಸರಣಿ ಇಂದು ಮಿನ್ನೆಸೋಟ ತಂಡದ ವಂಶಾವಳಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಗೆಲುವನ್ನು ಕಂಡು ಕುಣಿದದ್ದು ವಾಷಿಂಗ್ಟನ್ ಪಟ್ಟಣ. ಅಮೆರಿಕದ್ದೇ ಫುಟ್‌ಬಾಲಿನಲ್ಲಿ ಇದಕ್ಕೆ ತದ್ವಿರುದ್ಧವೂ ನಡೆದಿದೆ. 1996ರಲ್ಲಿ ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ಆಟಗಾರರು ಬಾಲ್ಟಿಮೋರಿಗೆ ಹೋದರು. ತಂಡದ ಹೆಸರು, ಬಣ್ಣ, ಹಳೆಯ ದಾಖಲೆ ಮಾತ್ರ ಒಪ್ಪಂದದ ಪ್ರಕಾರ ಕ್ಲೀವ್‌ಲ್ಯಾಂಡಿನಲ್ಲೇ ಉಳಿದವು. ಚರಿತ್ರೆ ಜನರ ಹಿಂದೆ ಹೋಗಬಹುದು, ನೆಲಕ್ಕೆ ಅಂಟಿಕೊಂಡೂ ಇರಬಹುದು. ಎರಡರಲ್ಲಿ ಯಾವುದನ್ನು ಆರಿಸಿದೆವು ಎಂದು ದಾಖಲೆ ಬಾಯಿಬಿಟ್ಟು ಹೇಳಬೇಕು.

ನಮ್ಮಲ್ಲಿ ಆ ಆಯ್ಕೆಯನ್ನು ಯಾರೂ ಮಾಡಿಲ್ಲ, ಅದು ತಾನಾಗಿ ಆಗಿಹೋಗಿದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯನ್ನು ನೋಡಿ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಹೋದರೆ ಸೂರಿಲ್ಲದ ಗೋಡೆಗಳ ಮೇಲೆ ಹಿನ್ನೀರು ಬಿಟ್ಟುಹೋದ ಕರೆ ಕಾಣುತ್ತದೆ, ಕಮಾನುಗಳ ನಡುವೆ ಒಣಗಿ ಬಿರಿದ ಗೋಡು. ಇಂದು ಶೆಟ್ಟಿಹಳ್ಳಿ ಎಂದರೆ ಪ್ರವಾಸಿಗರ ಮನಸ್ಸಿಗೆ ಬರುವುದು ಆ ಗೋಡೆಗಳು ಮಾತ್ರ. ಅಲ್ಲಿ ಜ್ಞಾನಸ್ನಾನ ಪಡೆದು, ಮದುವೆಯಾಗಿ, ಬೇರೆಡೆ ಹೊಸ ಮನೆ ಕಟ್ಟಿಕೊಂಡ ಕುಟುಂಬಗಳು ಆ ಹೆಸರಿನಿಂದ ಜಾರಿಬಿಟ್ಟಿವೆ. ಕೃಷ್ಣರಾಜಸಾಗರದಲ್ಲೂ ಇದೇ ಆಯಿತು: ಕನ್ನಂಬಾಡಿ ಮುಳುಗಿತು, ಅದರ ಹೆಸರು ಕಟ್ಟೆಗೆ ಹೋಯಿತು. ಊರು ಮುಳುಗಿಸಿದ ಕಟ್ಟಡವೇ ಊರಿನ ಹೆಸರನ್ನು ಹೊತ್ತಿರುವುದು ನನಗೆ ಈಗಲೂ ಸಹಜವೆನಿಸಿಲ್ಲ.

ಒಳ್ಳೆಯ ಮಾದರಿ ನಮ್ಮ ಕೈಯಲ್ಲೇ ಇದೆ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟ ಹಾಸನ ಜಿಲ್ಲೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಹೀಗೆ ತಾಲ್ಲೂಕುವಾರು ಶಾಸನಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದೂ ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಸಿಕ್ಕಿತೆಂದು ಅದು ಹೇಳುತ್ತದೆ. ಕಲ್ಲನ್ನು ಆಮೇಲೆ ಎಲ್ಲಿಗೆ ಸಾಗಿಸಿದರೂ ಸಂಖ್ಯೆ ಬದಲಾಗುವುದಿಲ್ಲ, ಸಿಕ್ಕಿದ ಜಾಗವೂ ಬದಲಾಗುವುದಿಲ್ಲ. ಕಲ್ಲಿಗೆ ತೋರಿಸಿದ ಈ ನಿಷ್ಠೆಯನ್ನು ಮನುಷ್ಯರಿಗೂ ತೋರಿಸಬೇಕೆಂಬುದೇ ನನ್ನ ವಾದ.

ಅಂದರೆ ಮುಳುಗಿದ ನೆಲೆಗೆ ಒಂದು ನಮೂದು, ಜನ ಹೋಗಿ ನಿಂತ ಪ್ರತಿಯೊಂದು ನೆಲೆಗೂ ಬೇರೆ ನಮೂದು, ಇವುಗಳ ನಡುವೆ ಯಾರು, ಯಾವ ವರ್ಷ, ಎಷ್ಟು ಮನೆ ಹೋದರೆಂಬ ಕೊಂಡಿ. ಆಯಾ ಕಾಲಕ್ಕಿದ್ದ ಹೆಸರನ್ನೇ ಬಳಸಬೇಕು. 1950ರ ಜಾತ್ರೆಯನ್ನು ಇಂದಿನ ಬಡಾವಣೆಯ ಹೆಸರಿನಲ್ಲಿ ಬರೆಯುವುದು ತಪ್ಪು. ಹಳೆಯ ನಮೂದನ್ನು 1979ಕ್ಕೆ ಮುಗಿಸುವುದೂ ತಪ್ಪು. ನೀರಿಳಿದಾಗ ಆ ಬಯಲಿಗೆ ದನ ಬರುತ್ತವೆ, ಬೆಸ್ತರು ಬಲೆ ಬೀಸುತ್ತಾರೆ, ಅದೂ ಆ ನೆಲದ ಚರಿತ್ರೆಯೇ. ಒಂದು ಊರು ಮೂರು ಕಡೆ ಚದುರಿದ್ದರೆ ಯಾವೊಂದನ್ನೂ ‘ನಿಜವಾದ ವಾರಸುದಾರ’ ಎಂದು ಸಂಶೋಧಕ ಪಟ್ಟಕ್ಕೆ ಕೂರಿಸಬಾರದು. ಜನ ಒಂದೇ ದಿನ ಗಂಟುಮೂಟೆ ಕಟ್ಟಿದವರಲ್ಲ. ಆದ್ದರಿಂದ ವಲಸೆಯ ವರ್ಷವನ್ನು ಊರಿಗೊಂದರಂತೆ ಅಲ್ಲ, ಮನೆಗೊಂದರಂತೆ ಕೇಳಿ ಬರೆಯಬೇಕು. ಆ ವರ್ಷಗಳನ್ನು ನೆನಪಿಟ್ಟವರಲ್ಲಿ ಹಲವರಿಗೆ ಈಗ ಎಪ್ಪತ್ತು ದಾಟಿದೆ.

ಅರಕಲಗೂಡು ಕಡೆಯ ಒಂದು ಮನೆಯಲ್ಲಿ ಲಗ್ನಪತ್ರಿಕೆ ನೋಡಿದೆ. ವರನ ತಂದೆಯ ಹೆಸರಿನ ಕೆಳಗೆ ಈಗಿನ ವಿಳಾಸ. ಅದರ ಕೆಳಗೆ ಕಂಸದಲ್ಲಿ, ಸಣ್ಣ ಅಕ್ಷರದಲ್ಲಿ, ಮುಳುಗಿದ ಊರು. ಯಾಕಮ್ಮ ಎರಡೂ ಹಾಕಿಸಿದ್ದೀರಿ ಎಂದು ಮನೆಯ ಹಿರಿಯರನ್ನು ಕೇಳಿದೆ. ‘ಹೊಸ ಊರು ಹೇಳಿದ್ರೆ ಯಾವ ದೇವರ ಒಕ್ಕಲು ಅಂತ ಗೊತ್ತಾಗಾಕಿಲ್ಲ ಕಣಪ್ಪ, ಹಳೇದು ಹೇಳಿದ್ರೆ ದಾರಿ ಗೊತ್ತಾಗಾಕಿಲ್ಲ’ ಎಂದರು.