ಮೊಳಕಾಲ್ಮೂರಿನ ಬಂಡೆಯೂ ಒಂದು ದಂಪತಿಯ ಚರಿತ್ರೆಯೂ

ಚಳ್ಳಕೆರೆಯನ್ನು ದಾಟಿ ಬಳ್ಳಾರಿಯ ದಿಕ್ಕಿಗೆ ಸಾಗಿದರೆ ಶೇಂಗಾ ಹೊಲಗಳೂ ದನ ಮೇಯುವ ಕಾವಲುಗಳೂ ಕಲ್ಲುಗುಡ್ಡಗಳೂ ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಆದರೆ ಕರ್ನಾಟಕದ ಲಿಖಿತ ಚರಿತ್ರೆಯ ಮೊದಲ ಪುಟಗಳನ್ನು ಈ ಕಲ್ಲುಗಳೇ ಕಾಪಾಡಿಕೊಂಡು ಬಂದವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಯಲಿನಲ್ಲಿ ನಿಂತಿದ್ದ ಅವುಗಳನ್ನು 1892ರಲ್ಲಿ ಗುರುತಿಸಿ ಲೋಕಕ್ಕೆ ತಿಳಿಸಿದವರು ಬೆಂಜಮಿನ್ ಲೂಯಿ ರೈಸ್.

ರೈಸರ ಹೆಸರನ್ನು ಕನ್ನಡಿಗರು ಗೌರವದಿಂದ ನೆನೆಯುತ್ತಾರೆ. ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕ’, ಸುಮಾರು 9,000 ಶಾಸನಗಳು, ಮೈಸೂರು ಗೆಜೆಟಿಯರ್, ಹಳಗನ್ನಡ ಕಾವ್ಯಗಳ ಸಂಪಾದನೆ ಎಂದು ಅವರ ಸಾಧನೆಯ ಪಟ್ಟಿ ಬೆಳೆಯುತ್ತದೆ. ಎಪಿಗ್ರಾಫಿಯಾದ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಗೇ ಮೀಸಲಾಗಿದ್ದು, ಚಳ್ಳಕೆರೆ, ಮೊಳಕಾಲ್ಮೂರುಗಳ ಅನೇಕ ಹಳ್ಳಿಗಳ ಹೆಸರು ಅದರಲ್ಲಿ ಅಚ್ಚಾಗಿದೆ. ಆದರೆ ಪ್ರಸ್ತುತ ಲೇಖನದ ವಿಷಯ ಶಾಸನವಲ್ಲ, ಸಂಸಾರ. ಶಾಸನ ಓದಿದ ಈ ವ್ಯಕ್ತಿಗೆ ಒಬ್ಬ ಪತ್ನಿ ಇದ್ದರು. ಅವರ ಹೆಸರು ಮೇರಿ ಸೋಫಿಯಾ. ಜೀವನಚರಿತ್ರೆಯ ಕೋಶಗಳಲ್ಲಿ ಅವರಿಗೆ ದೊರೆತಿರುವುದು ಒಂದೇ ಒಂದು ಸಾಲು: 1869ರಲ್ಲಿ ರೈಸರು ಜಾನ್ ಗ್ಯಾರೆಟ್ಟರ ಪುತ್ರಿ ಮೇರಿ ಸೋಫಿಯಾಳನ್ನು ವಿವಾಹವಾದರು. ಈ ಒಂದು ಸಾಲನ್ನು ಹಿಡಿದು ಎಷ್ಟು ದೂರ ನಡೆಯಬಹುದು? ತಮ್ಮ ಮನೆತನದ ಹಿರಿಯರನ್ನು ಹುಡುಕಹೊರಟ ನಮ್ಮ ಸಭೆಗಳ ಪ್ರತಿಯೊಂದು ಕುಟುಂಬಕ್ಕೂ ಈ ಪ್ರಶ್ನೆ ಎದುರಾಗುತ್ತದೆ.

ಎರಡು ಮಿಷನ್ ಮನೆಗಳು

ಕುಟುಂಬದ ಚರಿತ್ರೆಯನ್ನು ಹುಡುಕುವವರು ಮದುವೆಯ ದಿನದಿಂದ ಹಿಂದಕ್ಕೆ, ವರನ ಮನೆಗೂ ವಧುವಿನ ಮನೆಗೂ ಹೋಗಬೇಕು. ವರನ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಸೇವಕರಾಗಿ 1837ರ ಆರಂಭದಲ್ಲಿ ಪತ್ನಿಯೊಡನೆ ಬೆಂಗಳೂರಿಗೆ ಬಂದರು. ಅದೇ ವರ್ಷದ ಜುಲೈ 17ರಂದು ಬೆಂಗಳೂರಿನಲ್ಲಿ ಮಗ ಲೂಯಿ ಹುಟ್ಟಿದ. ಅಶೋಕನ ಬ್ರಾಹ್ಮೀ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಬಿಡಿಸಿದ್ದೂ 1837ರಲ್ಲಿಯೇ. ಆ ಲಿಪಿಯನ್ನು ಐವತ್ತೈದು ವರ್ಷಗಳ ಮೇಲೆ ಮೊಳಕಾಲ್ಮೂರಿನಲ್ಲಿ ಗುರುತಿಸಲಿದ್ದ ಕೂಸು ಆಗ ತೊಟ್ಟಿಲಿನಲ್ಲಿತ್ತು.

ತಂದೆ ರೈಸರು ಐವತ್ತು ವರ್ಷ ಕನ್ನಡ ನಾಡಿನಲ್ಲಿ ಸೇವೆಮಾಡಿ 1887ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವರ ಹೆಸರನ್ನು ಹೊತ್ತಿದೆ. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದವರು. ತಂದೆಯ ಜೀವನಚರಿತ್ರೆಯನ್ನೂ ಬರೆದರು. ಆ ಗ್ರಂಥದ ಶೀರ್ಷಿಕೆಯಲ್ಲಿರುವುದು ತಂದೆಯ ಹೆಸರೊಂದೇ. ತಾಯಿಯಾದರೋ 1840ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರಲ್ಲಿ ಒಬ್ಬರು. ಹೆಣ್ಣುಮಗು ಅಕ್ಷರ ಕಲಿತರೆ ಮನೆಗೆ ಕೇಡು ಎಂದು ಜನ ನಂಬಿದ್ದ ಕಾಲದಲ್ಲಿ ಆ ಕಾರ್ಯ ನಡೆಯಿತು. ಚರಿತ್ರೆ ಅವರನ್ನು ಕರೆಯುವುದು ಶ್ರೀಮತಿ ರೈಸ್ ಎಂದು; ಸಂಗಾತಿಯನ್ನು ಶ್ರೀಮತಿ ಸೆವೆಲ್ ಎಂದು. ಇಬ್ಬರಿಗೂ ಉಳಿದದ್ದು ಗಂಡಂದಿರ ಹೆಸರು.

ವಧುವಿನ ತಂದೆ ಜಾನ್ ಗ್ಯಾರೆಟ್ ವೆಸ್ಲಿಯನ್ ಮಿಷನ್ನಿಗೆ ಸೇರಿದವರು. ಬೆಂಗಳೂರಿನಲ್ಲಿದ್ದ ಆ ಮಿಷನ್ನಿನ ಮುದ್ರಣಾಲಯದೊಡನೆ ದುಡಿದು ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸಿದರು. ಬಳಿಕ ಮೈಸೂರು ಸರಕಾರದ ವಿದ್ಯಾ ಇಲಾಖೆಯನ್ನು ಸೇರಿ ಅದರ ನಿರ್ದೇಶಕರಾದರು. 1871ರಲ್ಲಿ ಅವರ ಭಾರತೀಯ ಪುರಾಣ ಸಾಹಿತ್ಯಗಳ ನಿಘಂಟು ಮದರಾಸಿನಲ್ಲಿ ಪ್ರಕಟವಾಯಿತು. ಕನ್ನಡ ಅಕ್ಷರದ ಅಚ್ಚಿನ ಮೊಳೆಗಳ ನಡುವೆ ಬಾಳಿದ ಮನೆತನ ಅದು.

ಈ ಎರಡು ಮನೆಗಳ ನಂಟಿನ ಸುಳಿವು ಸಿಗುವುದು ಸರಕಾರಿ ಕಡತದಲ್ಲಿ. ಲೂಯಿ ರೈಸ್ 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾದರು. 1868ರಲ್ಲಿ ಗ್ಯಾರೆಟ್ಟರ ಸ್ಥಾನದಲ್ಲಿ ಹಂಗಾಮಿ ನಿರ್ದೇಶಕರಾಗಿ ಕೆಲಸ ನೋಡಿಕೊಂಡರು. ಮರುವರ್ಷ ಗ್ಯಾರೆಟ್ಟರ ಮಗಳ ಕೈಹಿಡಿದರು. ನೇಮಕದ ಆಜ್ಞೆಯೊಂದನ್ನು ಮದುವೆಯ ದಾಖಲೆಯ ಪಕ್ಕದಲ್ಲಿಟ್ಟಾಗ ಎರಡು ಕುಟುಂಬಗಳು ಎಷ್ಟು ಹತ್ತಿರದಲ್ಲಿದ್ದವೆಂಬುದು ಗೋಚರಿಸುತ್ತದೆ. ಮನೆತನದ ಚರಿತ್ರೆಯನ್ನು ಸಂಶೋಧಿಸುವ ಕ್ರಮ ಇದೇ. ಒಂದೇ ಕಾಗದ ಎಲ್ಲವನ್ನೂ ಹೇಳುವುದಿಲ್ಲ. ಎರಡು ಕಾಗದಗಳನ್ನು ಜೊತೆಗಿಟ್ಟಾಗ ಮಾತು ಹೊರಡುತ್ತದೆ.

ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ತಿರುಗುತ್ತಿದ್ದಾಗಲೇ ರೈಸರಿಗೆ ಶಾಸನಗಳ ಗೀಳು ಹತ್ತಿದ್ದು. 1876-78ರಲ್ಲಿ ಅವರ ಗೆಜೆಟಿಯರ್ ಸಿದ್ಧವಾಯಿತು, 1879ರಲ್ಲಿ ‘ಮೈಸೂರು ಇನ್ಸ್‌ಕ್ರಿಪ್ಷನ್ಸ್’ ಹೊರಬಂದಿತು, 1906ರಲ್ಲಿ ನಿವೃತ್ತಿಯಾಯಿತು. ಬಳಿಕ ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ನೆಲೆಸಿ 1927ರ ಜುಲೈ 10ರಂದು ನಿಧನರಾದರು. ಗಂಡನ ಬಾಳಿನ ಪ್ರತಿ ಮೆಟ್ಟಿಲಿಗೂ ಇಸವಿ ಇದೆ. ಹೆಂಡತಿಯ ಪಾಲಿಗೆ ಕೋಶಗಳು ಕೊಡುವುದು 1869 ಎಂಬ ಒಂದೇ ಇಸವಿ.

ದಾಖಲೆ ಬಿಟ್ಟದ್ದು ಏನು?

ಪ್ರಸಿದ್ಧರ ಮನೆಯ ಕಥೆಯೇ ಹೀಗಾದರೆ, ಚಳ್ಳಕೆರೆಯ ಎಣ್ಣೆ ಗಾಣದಲ್ಲಿ ದುಡಿದವನ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗದ ಮುಂದೆ ಕುಳಿತವನ ಹೆಂಡತಿಯ ಕಥೆ ಏನಾಗಿದ್ದೀತು? ಕ್ರೈಸ್ತ ಕುಟುಂಬಗಳಿಗೆ ಇಲ್ಲಿ ಒಂದು ಅನುಕೂಲವುಂಟು. ಸಭೆಯ ದೀಕ್ಷಾಸ್ನಾನ, ವಿವಾಹ, ಸಮಾಧಿ ಪುಸ್ತಕಗಳು ಬಡವರ ಹೆಸರನ್ನೂ ಬರೆದುಕೊಂಡಿವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಮದುವೆಯ ದಾಖಲೆಗೆ ಒಂದು ನಮೂನೆಯನ್ನು ಗೊತ್ತುಮಾಡಿತು. ಮದುವೆಯ ದಿನಾಂಕ, ವಧೂವರರ ಹೆಸರು, ವಯಸ್ಸು, ಅವಿವಾಹಿತರೋ ವಿಧುರ ವಿಧವೆಯರೋ ಎಂಬುದು, ಉದ್ಯೋಗ, ವಾಸಸ್ಥಳ, ತಂದೆಯ ಹೆಸರು, ಕೊನೆಗೆ ದಂಪತಿಯ ಮತ್ತು ಸಾಕ್ಷಿಗಳ ಸಹಿ. ಎಷ್ಟು ಸಂಪನ್ನವಾದ ಸಾಲು ಇದು! ಸಾಕ್ಷಿಗಳ ಹೆಸರಿನಿಂದ ಬಂಧುಬಳಗ ತಿಳಿಯುತ್ತದೆ; ಸಹಿಯಿಂದ ಅಕ್ಷರ ಬಲ್ಲವರೋ, ಗುರುತು ಒತ್ತಿದವರೋ ಎಂಬುದು ತಿಳಿಯುತ್ತದೆ. ಆದರೆ ಆ ನಮೂನೆಯಲ್ಲಿ ತಾಯಿಯ ಹೆಸರಿಗೆ ಅಂಕಣವೇ ಇಲ್ಲ. ಆದುದರಿಂದ ವಿವಾಹ ಪುಸ್ತಕದಿಂದ ಹಿಂದಕ್ಕೆ ಹೋಗುವವರು ಗಂಡಸರ ಸಾಲಿನಲ್ಲಿ ಮಾತ್ರ ನಡೆಯುತ್ತಾರೆ. ಅಜ್ಜಿಯ ಅಮ್ಮ ಯಾರೆಂದು ತಿಳಿಯಲು ಅಜ್ಜಿಯ ದೀಕ್ಷಾಸ್ನಾನದ ದಾಖಲೆಯನ್ನು ಬೇರೆಯಾಗಿ ಹುಡುಕಬೇಕು. ಅಲ್ಲಿ ಸಾಮಾನ್ಯವಾಗಿ ತಂದೆತಾಯಿ ಇಬ್ಬರ ಹೆಸರೂ ಸಿಗುತ್ತದೆ.

ಇನ್ನೊಂದು ತೊಡಕು ಗಡಿಯದು. ಇಂದು ಮೊಳಕಾಲ್ಮೂರಿನಿಂದ ಬಳ್ಳಾರಿಯೂ ರಾಯದುರ್ಗವೂ ನೆರೆಯ ಊರುಗಳೇ. ಹಿಂದೆ ಮೊಳಕಾಲ್ಮೂರು ಮೈಸೂರು ಸಂಸ್ಥಾನದ್ದು. ಬಳ್ಳಾರಿ, ರಾಯದುರ್ಗಗಳು ಮದರಾಸು ಆಧಿಪತ್ಯದವು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೆಣ್ಣು ಕೊಟ್ಟು ತಂದ ಬಂಧುಗಳು ಮಾತ್ರ ಗಡಿಯ ಎರಡೂ ಕಡೆ ಉಳಿದರು. ಹೀಗಾಗಿ ಒಂದೇ ಕುಟುಂಬದ ಅಣ್ಣನ ಕಾಗದ ಒಂದು ರಾಜ್ಯದ ಕಚೇರಿಯಲ್ಲಿ, ತಂಗಿಯ ಕಾಗದ ಇನ್ನೊಂದು ರಾಜ್ಯದಲ್ಲಿ ಇರಬಹುದು. ಮಿಷನ್ನುಗಳ ಗಡಿಯೂ ಬೇರೆಯೇ ಇತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1810ರಲ್ಲಿ ಲಂಡನ್ ಮಿಷನ್ನಿನ ಕೆಲಸ ತೊಡಗಿದರೆ, ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ದುಡಿದದ್ದು ವೆಸ್ಲಿಯನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಏರ್ಪಟ್ಟಾಗ ಈ ಎರಡು ಪರಂಪರೆಗಳೂ ಒಂದಾದವು. ಅವುಗಳ ಹಳೆಯ ಪತ್ರಗಳ ದೊಡ್ಡ ಭಾಗ ಲಂಡನ್ನಿನ ಪ್ರಾಚ್ಯವಿದ್ಯಾ ಶಾಲೆಯ ಗ್ರಂಥಾಲಯದಲ್ಲಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲಾಲಯವೂ ಹುಡುಕುವವರಿಗೆ ನೆರವಾಗುತ್ತದೆ.

ಮೂರನೆಯ ತೊಡಕು ಎಲ್ಲಕ್ಕಿಂತ ದಾರುಣ. 1876-78ರ ಮಹಾಕ್ಷಾಮ. 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಅನಾಥಾಲಯಗಳನ್ನು ಸೇರಿದರು. ಅಲ್ಲಿ ಬೆಳೆದು, ಹೊಸ ಹೆಸರು ಪಡೆದು, ತಮ್ಮಂತೆಯೇ ಬೆಳೆದವರನ್ನು ಮದುವೆಯಾಗಿ ಸಂಸಾರ ಹೂಡಿದವರು ಉಂಟು. ಅಂಥ ದಂಪತಿಗೆ ‘ತಂದೆಯ ಹೆಸರು’ ಎಂಬ ಅಂಕಣದ ಮುಂದೆ ಬರೆಸಲು ಏನಿತ್ತು? ಅಲ್ಲಿನ ಖಾಲಿ ಜಾಗವನ್ನು ಕಂಡು ಹುಡುಕುವವರು ನಿರಾಶರಾಗಬಾರದು. ಆ ಖಾಲಿ ಜಾಗವೂ ಒಂದು ದಾಖಲೆಯೇ, ಬರಗಾಲದ ದಾಖಲೆ.

ಗಣತಿಯಿಂದ ಹೆಸರುಗಳು ಸಿಗುತ್ತವೆಂದು ನಂಬುವವರಿದ್ದಾರೆ. ನಮ್ಮ ದೇಶದಲ್ಲಿ ಉಳಿಸಿಕೊಂಡದ್ದು ಲೆಕ್ಕದ ಮೊತ್ತವನ್ನು, ಮನೆವಾರು ಪಟ್ಟಿಗಳನ್ನಲ್ಲ. ಶಾಲಾ ದಾಖಲಾತಿ, ಜಮೀನಿನ ಪಹಣಿ, ಮತದಾರರ ಪಟ್ಟಿಗಳು ಹೆಚ್ಚು ಉಪಯುಕ್ತ. ಆದರೆ ಮತದಾರರ ಪಟ್ಟಿಯದೂ ಒಂದು ಕಥೆ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ, ಬಹುಪಾಲು ಉತ್ತರ ಭಾರತದಲ್ಲಿ, ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಕೈಬಿಡಬೇಕಾಯಿತು.

ಬಂಡೆ ಹೇಳುವ ಮಾತು

ಮತ್ತೆ ಬ್ರಹ್ಮಗಿರಿಯ ಬಂಡೆಯ ಬಳಿಗೆ ಬರೋಣ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆ ಆಜ್ಞೆಯಲ್ಲಿ ಚಕ್ರವರ್ತಿ ವಿಧಿಸುವುದು ತೆರಿಗೆಯನ್ನಲ್ಲ. ತಾಯಿತಂದೆಯರಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ಕರುಣೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಯೋಗ್ಯವಾಗಿ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ದಶಾಜ್ಞೆಗಳನ್ನು ಬಲ್ಲ ನಮಗೆ ಇದು ಪರಿಚಿತವೆನಿಸುವ ಉಪದೇಶ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ. ಚಕ್ರವರ್ತಿಯ ಮಾತಿನ ಜೊತೆಗೆ ಒಬ್ಬ ಬರಹಗಾರನ ಹೆಸರೂ ಉಳಿದುಬಂದಿತು, ಏಕೆಂದರೆ ಅವನು ಅದನ್ನು ಬರೆದಿಟ್ಟ. ಅಶೋಕನ ರಾಣಿಯರಲ್ಲಿ ಶಾಸನದಲ್ಲಿ ಹೆಸರು ಕಾಣಿಸುವುದು ಒಬ್ಬಳದು ಮಾತ್ರ. ಅಲಹಾಬಾದಿನ ಸ್ತಂಭದ ಮೇಲಿರುವ ಕಾರುವಾಕಿ. ಅಲ್ಲಿಯೂ ಆಕೆ ತೀವರನ ತಾಯಿ.

ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ವಂಶಾವಳಿಯನ್ನು ನಾವು ಬೇಗ ಬೇಗ ಓದಿ ಮುಗಿಸುತ್ತೇವೆ. ನಿಧಾನಿಸಿ ಓದಿದರೆ ಅಷ್ಟೊಂದು ತಂದೆಯರ ನಡುವೆ ತಾಮಾರ್, ರಾಹಾಬ್, ರೂತ್ ಎಂಬ ಹೆಸರುಗಳು ನಿಲ್ಲುತ್ತವೆ. ನಾಲ್ಕನೆಯವಳನ್ನು ಮಾತ್ರ ಊರೀಯನ ಹೆಂಡತಿಯೆಂದೇ ಹೇಳಿದೆ. ಬತ್ಷೆಬೆ ಎಂಬ ಹೆಸರನ್ನು ತಿಳಿಯಲು ಹಳೆಯ ಒಡಂಬಡಿಕೆಯ ಪುಟಗಳಿಗೆ ಹೋಗಬೇಕು. ಹೆಸರಿಲ್ಲದ ಕಡೆ ಇನ್ನೊಂದು ಪುಸ್ತಕವನ್ನು ತೆರೆಯಬೇಕೆಂಬ ಪಾಠ ಅಲ್ಲಿಯೂ ಇದೆ.

ಹಾಗಾದರೆ ಮನೆಗಳಲ್ಲಿ ಮಾಡಬೇಕಾದ ಕೆಲಸ ಕಠಿಣವಾದುದಲ್ಲ. ಒಂದು ನೋಟು ಪುಸ್ತಕ ಸಾಕು. ಮನೆಯ ಪ್ರತಿಯೊಂದು ದಂಪತಿಗೂ ಎದುರುಬದುರಿನ ಎರಡು ಪುಟಗಳನ್ನು ಕೊಟ್ಟು, ಎಡಪುಟದಲ್ಲಿ ಗಂಡನ, ಬಲಪುಟದಲ್ಲಿ ಹೆಂಡತಿಯ ಪೂರ್ಣ ಹೆಸರು, ಹುಟ್ಟಿದ ಊರು, ತವರುಮನೆ, ತಾಯಿಯ ಹೆಸರು, ದೀಕ್ಷಾಸ್ನಾನ ಪಡೆದ ಸಭೆ, ಮದುವೆಯ ದಿನ, ಕಲಿತದ್ದು, ದುಡಿದದ್ದು, ಕಳೆದುಕೊಂಡ ಮಕ್ಕಳು ಎಲ್ಲವನ್ನೂ ಬರೆಯಬೇಕು. ಹಿಂದೂ ಹೆಸರು, ಕ್ರೈಸ್ತ ಹೆಸರು ಎರಡೂ ಇದ್ದರೆ ಎರಡನ್ನೂ ಬರೆಯಬೇಕು. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು ಗುರುತಿಸಬೇಕು. ಎಂಬತ್ತು ದಾಟಿದ ಅಜ್ಜಿಯಂದಿರು ಇರುವ ಮನೆಗಳಲ್ಲಿ ಈ ಕೆಲಸವನ್ನು ಮುಂದಿನ ಹಬ್ಬಕ್ಕೆ ಎಂದು ಮುಂದೂಡಬಾರದು. ಸಭಾಪಾಲಕರೂ ಹಿರಿಯರೂ ಗೆದ್ದಲು ಹಿಡಿಯುತ್ತಿರುವ ಹಳೆಯ ರಿಜಿಸ್ಟರುಗಳ ಛಾಯಾಪ್ರತಿಯನ್ನು ತೆಗೆಸಿಡಬೇಕು. ಎರಡೂ ಪುಟಗಳು ತುಂಬಿದ ಮೇಲೆಯೇ ಆ ದಂಪತಿಯ ಚರಿತ್ರೆ ಬರೆದಾಯಿತೆಂದು ಹೇಳಬೇಕು. ಎಡಪುಟ ತುಂಬಿ ಬಲಪುಟ ಬರಿದಾಗಿದ್ದರೆ ಹುಡುಕಾಟ ಅರ್ಧಕ್ಕೆ ನಿಂತಿದೆ ಎಂದೇ ತಿಳಿಯಬೇಕು.