ಹೆಸರು ಒಂದೇ, ತಯಾರಕರು ಹಲವರು: ಹಳೆಯ ಸಿಲ್ವರ್‌ಟೋನ್ ಗಿಟಾರ್ ಗುರುತಿಸುವುದು ಹೇಗೆ?

ಗಿಟಾರಿನ ತಲೆಯ ಮೇಲೆ ‘ಸಿಲ್ವರ್‌ಟೋನ್’ ಎಂದಿದ್ದರೆ ಅದನ್ನು ತಯಾರಿಸಿದ್ದೂ ಅದೇ ಹೆಸರಿನ ಕಂಪನಿ ಎಂದು ಹಲವರು ನಂಬುತ್ತಾರೆ. ಇದು ತಪ್ಪು. ಅಮೆರಿಕದ ಸಿಯರ್ಸ್ ಮಳಿಗೆ ತಾನು ಮಾರುತ್ತಿದ್ದ ಅಗ್ಗದ ಗಿಟಾರುಗಳಿಗೆ ಇಟ್ಟ ಹೆಸರು ಅದು. ಡ್ಯಾನ್‌ಎಲೆಕ್ಟ್ರೊ, ಹಾರ್ಮನಿ, ಕೇ, ಜಪಾನಿನ ಟೈಸ್ಕೊ ಮೊದಲಾದ ಕಂಪನಿಗಳು ಅವನ್ನು ತಯಾರಿಸಿಕೊಡುತ್ತಿದ್ದವು.

1960ರ ದಶಕದ ಡ್ಯಾನ್‌ಎಲೆಕ್ಟ್ರೊ ಗಿಟಾರಿನ ಗುರುತು ಎರಡು: ಲಿಪ್‌ಸ್ಟಿಕ್ ಕೊಳವೆಯಂತೆ ಹೊಳೆಯುವ ಪಿಕಪ್ ಮತ್ತು ಮರದ ಚೌಕಟ್ಟಿಗೆ ಅಂಟಿಸಿದ ಹಾರ್ಡ್‌ಬೋರ್ಡ್. 1448 ಮಾದರಿಯಲ್ಲಿ ಒಂದು ಪಿಕಪ್, 1449ರಲ್ಲಿ ಎರಡು. ಎರಡಕ್ಕೂ ಆಂಪ್ಲಿಫೈಯರ್ ಗಿಟಾರಿನ ಪೆಟ್ಟಿಗೆಯಲ್ಲೇ ಇರುತ್ತದೆ. ಪಿಕಪ್ ಬದಲಾಗಿರಬಹುದಾದ್ದರಿಂದ ಒಂದೇ ಗುರುತನ್ನು ನೆಚ್ಚಬೇಡಿ.

ಎಚ್ಚರಿಕೆ: ಈ ಆಂಪ್ಲಿಫೈಯರ್ ಅಮೆರಿಕದ ಸುಮಾರು 120 ವೋಲ್ಟ್ ವಿದ್ಯುತ್ತಿಗೆ ತಯಾರಾದದ್ದು. ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಮೊದಲು ತಂತ್ರಜ್ಞರಿಗೆ ತೋರಿಸಿ.