ತೈಲವೇದಿಕೆಯಿಂದ ಮತ್ಸ್ಯನಿಲಯಕ್ಕೆ
ಮೆಕ್ಸಿಕೋ ಕೊಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನ

1947ರಲ್ಲಿ ಲೂಸಿಯಾನದ ಕರಾವಳಿಯಾಚೆ, ನೆಲವು ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಕಡಲತಳವನ್ನು ಕೊರೆದು ಎಣ್ಣೆಯನ್ನು ತೆಗೆದಂದಿನಿಂದ ಈ ಕೊಲ್ಲಿಯಲ್ಲಿ ಸಾವಿರಾರು ಉಕ್ಕಿನ ವೇದಿಕೆಗಳು ತಲೆಯೆತ್ತಿದುವು. ಕೆಸರು ಮರಳುಗಳೇ ಹಾಸಿಕೊಂಡಿರುವ ಆ ತಳದಲ್ಲಿ ಗಟ್ಟಿಯಾದ ಆಸರೆಯೆಂಬುದು ವಿರಳವಾದುದರಿಂದ, ಜಲಮಗ್ನವಾದ ಈ ಉಕ್ಕಿನ ಕಾಲುಗಳನ್ನು ಸ್ಪಂಜು, ಸಿಂಪಿ, ಹವಳಗಳು ಆಶ್ರಯಿಸಿದುವು. ಅವುಗಳನ್ನರಸಿ ಸಣ್ಣ ಮೀನುಗಳೂ, ಆ ಮೀನುಗಳನ್ನರಸಿ ರೆಡ್ ಸ್ನ್ಯಾಪರ್‌ನಂತಹ ದೊಡ್ಡ ಮೀನುಗಳೂ ಬಂದು ನೆಲಸಿದುವು.

ಎಣ್ಣೆ ಬತ್ತಿದ ಮೇಲೆ ವೇದಿಕೆಯನ್ನು ತೆಗೆದುಹಾಕಬೇಕೆಂಬುದು ನಿಯಮ. ಹಾಗೆ ತೆಗೆದಾಗ ಅದನ್ನೇ ಮನೆಮಾಡಿಕೊಂಡ ಜೀವಸಂಕುಲವೂ ನಿರಾಶ್ರಿತವಾಗುವುದು. ಈ ಹಾನಿಯನ್ನು ತಪ್ಪಿಸಲು ದಾರಿ ತೆರೆದುದು 1984ರ ರಾಷ್ಟ್ರೀಯ ಶಾಸನ. ಅದನ್ನನುಸರಿಸಿ ಲೂಸಿಯಾನವು 1986ರಲ್ಲಿಯೂ, ಟೆಕ್ಸಾಸ್ 1989ರಲ್ಲಿಯೂ ಕೃತಕ ಬಂಡೆಸಾಲುಗಳಿಗಾಗಿ ಕಾಯಿದೆ ರಚಿಸಿದುವು.

ವೇದಿಕೆಯನ್ನು ಇಂತಹ ಬಂಡೆಸಾಲಾಗಿಸಲು, ಮೊದಲು ಬಾವಿಯನ್ನು ಸಿಮೆಂಟಿನಿಂದ ಭದ್ರವಾಗಿ ಮುಚ್ಚಿ, ಯಂತ್ರಗಳಿರುವ ಮೇಲಟ್ಟವನ್ನು ಕಳಚಿ ಸಾಗಿಸಿದ ಬಳಿಕ, ಉಳಿದ ಚೌಕಟ್ಟನ್ನು ಇದ್ದೆಡೆಯಲ್ಲಿಯೇ ಉರುಳಿಸುವರು. ಇಲ್ಲವೆ ಗೊತ್ತಾದ ತಾಣಕ್ಕೆ ಎಳೆದೊಯ್ದು ಮುಳುಗಿಸುವರು. ಅಥವಾ ಹಡಗುಗಳಿಗೆ ಅಡ್ಡಿಯಾಗದಂತೆ, ಸುಮಾರು 26 ಮೀಟರ್ ಆಳದವರೆಗಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ ಬುಡವನ್ನು ನಿಲ್ಲಗೊಡುವರು. ಪೂರ್ತಿ ತೆಗೆದುಹಾಕದೆ ಉಳಿತಾಯವಾದ ವೆಚ್ಚದ ಅರ್ಧದಷ್ಟನ್ನು ಕಂಪೆನಿಯು ರಾಜ್ಯದ ಬಂಡೆಸಾಲು ನಿಧಿಗೆ ಸಲ್ಲಿಸುವುದು ವಾಡಿಕೆ. ಹೀಗೆ ಮರುಜನ್ಮ ಪಡೆದ ವೇದಿಕೆಗಳು 500ಕ್ಕೂ ಮಿಗಿಲು.

ಇವು ಮತ್ಸ್ಯಸಂಪತ್ತನ್ನು ನಿಜವಾಗಿ ವೃದ್ಧಿಗೊಳಿಸುವುವೋ, ಚದುರಿದ ಮೀನುಗಳನ್ನು ಒಂದೆಡೆ ಸೆಳೆಯುವುವೋ ಎಂಬ ಜಿಜ್ಞಾಸೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಆದರೂ, ಭೂಗರ್ಭವನ್ನು ಬರಿದುಮಾಡಲು ಮಾನವನು ನಿಲ್ಲಿಸಿದ ಕಂಬಗಳನ್ನು ಕಡಲು ತನ್ನ ಮಕ್ಕಳಿಗೆ ತೊಟ್ಟಿಲಾಗಿಸಿಕೊಂಡ ಪರಿ ನಿಜಕ್ಕೂ ವಿಸ್ಮಯಕರವಾದುದು.